ಡೂಲಿಟ್ಲ್ ಪಾತ್ರ ಸಿಕ್ಕಿದೆ. ಎಲ್ಲರೂ ‘ಸ್ಟ್ಯಾನ್ಲಿ ಹಾಲೊವೇ ನೋಡು’ ಅಂತಾರೆ. ಯಾರಿವರು?

ಲೆಸ್ಟರ್_ಗುರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನಿರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್, ಹುಚ್ಚಿಗೆ ನಾಟಕ. ಇಲ್ಲಿ ಹವ್ಯಾಸಿ ಸಂಗೀತ ನಾಟಕದ ತಂಡಗಳು ತುಂಬಾ ಇವೆ. ಹಗಲು ಅಂಗಡಿ, ಆಸ್ಪತ್ರೆ, ಆಫೀಸು ಅಂತ ದುಡಿಯುವವರು ಸಂಜೆ ಚರ್ಚ್ ಹಾಲ್‌ನಲ್ಲಿ ಸೇರಿ ತಾಲೀಮು ಮಾಡುತ್ತಾರೆ. ಅಂಥ ಒಂದು ತಂಡದಲ್ಲಿ ನಾನೂ ಇದ್ದೇನೆ. ಇಷ್ಟು ದಿನ ಗುಂಪಿನಲ್ಲಿ ಹಿಂದೆ ನಿಂತು ಹಾಡುತ್ತಿದ್ದೆ. ಈ ಸಲ ‘ಮೈ ಫೇರ್ ಲೇಡಿ’ ಮಾಡುತ್ತಿದ್ದೇವೆ. ನನಗೆ ಆಲ್ಫ್ರೆಡ್ ಡೂಲಿಟ್ಲ್ ಪಾತ್ರ ಸಿಕ್ಕಿದೆ. ಹೂ ಮಾರುವ ಎಲೈಜಾಳ ಅಪ್ಪ, ಮನೆ ಮನೆಯ ಕಸ ಎತ್ತುವವನು, ಕುಡುಕ, ಮಾತಿನ ಮಲ್ಲ.

ಖುಷಿ ಆಯಿತು ನಿಜ. ಆದರೆ ತಂಡದ ಹಿರಿಯರೆಲ್ಲ ದಿನಾ ಒಂದೇ ಹಾಡು. ‘ಸ್ಟ್ಯಾನ್ಲಿ ಹಾಗೆ ನಿಲ್ಲುತ್ತಿರಲಿಲ್ಲ’, ‘ಸ್ಟ್ಯಾನ್ಲಿ ಆ ಸಾಲು ಹೀಗೆ ಹೇಳುತ್ತಿದ್ದರು’. ಮನೆಯ ಪಕ್ಕದಲ್ಲಿದ್ದ ಚಿಕ್ಕಪ್ಪನ ಬಗ್ಗೆ ಮಾತಾಡಿದ ಹಾಗೆ. ಒಬ್ಬ ಅಜ್ಜಿ ಅಂತೂ ಡೂಲಿಟ್ಲ್ ವಿಷಯ ಬಿಟ್ಟು, ಸಿಂಹ ಒಬ್ಬ ಹುಡುಗನನ್ನು ತಿಂದ ಪದ್ಯವನ್ನು ಪೂರ್ತಿ ಬಾಯಿಪಾಠ ಹೇಳಿದರು. ಎಲ್ಲರೂ ನಕ್ಕರು. ನನಗೆ ತಲೆಬುಡ ಅರ್ಥವಾಗಲಿಲ್ಲ.

ಈ ನಾಟಕದ ಸಿನಿಮಾ ನೋಡಿದೆ. ಡೂಲಿಟ್ಲ್ ಆಗಿ ಹಾಲೊವೇ ಏನೂ ಮಾಡುತ್ತಿಲ್ಲ ಅನ್ನಿಸುತ್ತದೆ, ಆದರೂ ಕಣ್ಣು ಅವರ ಮೇಲೇ ನಿಲ್ಲುತ್ತದೆ. ಇದು ಹೇಗೆ? ಅವರು ಮೊದಲು ಏನು ಮಾಡಿಕೊಂಡಿದ್ದರು? ಅಷ್ಟು ವಯಸ್ಸಾದವರನ್ನು ಯಾಕೆ ಆರಿಸಿದರು? ನಾನು ಅವರನ್ನು ನೋಡಿ ಕಲಿಯಬೇಕಾ, ಅಥವಾ ಮರೆತುಬಿಡಬೇಕಾ? ಇನ್ನೊಂದು ಭಯ: ನನ್ನ ಇಂಗ್ಲಿಷ್ ಉಚ್ಚಾರಣೆ. ಲಂಡನ್ನಿನ ಕಾಕ್ನಿ ಮಾತು ನನ್ನ ಬಾಯಲ್ಲಿ ಹೇಗೆ ಬರುತ್ತದೋ ಗೊತ್ತಿಲ್ಲ.

ಬಾಲ್ಕನಿ_ಟಿಕೆಟ್:

ಅಭಿನಂದನೆ ಗುರು! ಆ ಅಜ್ಜಿಯನ್ನು ಕೈಬಿಡಬೇಡಿ, ಅರ್ಧ ಉತ್ತರ ಅವರ ಹತ್ತಿರವೇ ಇದೆ. ಮಿಕ್ಕಿದ್ದಕ್ಕೆ ಪ್ಲೇಟ್‌ಮಾಮ ಬರಲಿ. ಈ ವಿಷಯ ಕಂಡರೆ ಅವರು ಊಟ ಬಿಟ್ಟು ಬರುತ್ತಾರೆ.

ಪ್ಲೇಟ್‌ಮಾಮ:

ಊಟ ಮಾಡಿಯೇ ಬಂದೆ.

ನನ್ನ ಹತ್ತಿರ ಹಾಲೊವೇ ಅವರ ಹಳೆಯ ಗ್ರಾಮಫೋನ್ ಪ್ಲೇಟುಗಳಿವೆ, ಕೊಲಂಬಿಯಾ ಕಂಪನಿಯವು. ಚಿಕ್ಕಪೇಟೆಯ ಸಂಡೆ ಬಜಾರ್‌ನಲ್ಲಿ ಯಾವುದೋ ಕಂಟೋನ್ಮೆಂಟ್ ಮನೆಯಿಂದ ಬಂದ ಸಾಮಾನಿನ ರಾಶಿಯಲ್ಲಿ ಸಿಕ್ಕಿದವು. ಸೂಜಿ ಇಟ್ಟರೆ ಮೊದಲು ಬರೀ ಕರಕರ. ಆಮೇಲೆ ಒಂದು ಗಂಭೀರ ದನಿ ಅತ್ಯಂತ ಹುಚ್ಚು ಕತೆಯನ್ನು ಕೋರ್ಟಿನಲ್ಲಿ ಸಾಕ್ಷಿ ಹೇಳಿದ ಹಾಗೆ ಹೇಳಿಕೊಂಡು ಹೋಗುತ್ತದೆ. ಅಂದಿನಿಂದ ಈ ಮನುಷ್ಯನ ಬಗ್ಗೆ ಓದುವುದು ನನಗೊಂದು ಚಟ.

‘ಮೈ ಫೇರ್ ಲೇಡಿ’ಯಿಂದ ಹಾಲೊವೇಗೆ ಮುದಿವಯಸ್ಸಿನಲ್ಲಿ ಅದೃಷ್ಟ ಖುಲಾಯಿಸಿತು ಅಂತ ಜನ ಹೇಳುತ್ತಾರೆ. ಅವರೂ ತಮ್ಮ ಆತ್ಮಕತೆಗೆ ಆ ನಾಟಕದ ಅದೃಷ್ಟದ ಹಾಡಿನ ಹೆಸರನ್ನೇ ಇಟ್ಟರು. ನನಗೆ ಅದು ಒಪ್ಪಿಗೆ ಇಲ್ಲ. 1956ರ ಮಾರ್ಚ್ 15ಕ್ಕೆ ನ್ಯೂಯಾರ್ಕಿನ ಮಾರ್ಕ್ ಹೆಲಿಂಜರ್ ಥಿಯೇಟರ್‌ನಲ್ಲಿ ಪರದೆ ಎದ್ದಾಗ ಅವರಿಗೆ 65 ವರ್ಷ. ಅದಕ್ಕೆ ಮೊದಲು ಸುಮಾರು 45 ವರ್ಷ ಮಾಡಿದ ಕೆಲಸವೆಲ್ಲ ಆ ಪಾತ್ರಕ್ಕೇ ತಯಾರಿ ಅನ್ನುವ ಹಾಗಿದೆ. ಕೇಳಿ.

ಹುಟ್ಟಿದ್ದು 1890ರ ಅಕ್ಟೋಬರ್ 1, ಲಂಡನ್ನಿನ ಪೂರ್ವಕ್ಕಿರುವ ಮೇನರ್ ಪಾರ್ಕ್. ಅಪ್ಪ ವಕೀಲರ ಗುಮಾಸ್ತ. ಹುಡುಗ ದೊಡ್ಡವನಾಗುವ ಮೊದಲೇ ಮನೆ ಬಿಟ್ಟು ಹೋದ. ಮಗ ಚಿಕ್ಕವನಿದ್ದಾಗಲೇ ಚರ್ಚಿನಲ್ಲಿ ಹಾಡುತ್ತಿದ್ದ. ಬಾಲಗಾಯಕ ಅಂತ ಕಛೇರಿಗಳಲ್ಲೂ ಹಾಡಿಸಿದರು. 14ಕ್ಕೆ ಶಾಲೆ ಬಿಟ್ಟು ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಗುಮಾಸ್ತ. ಆಮೇಲೆ ಬಿಲಿಂಗ್ಸ್‌ಗೇಟ್ ಮೀನು ಮಾರುಕಟ್ಟೆಯಲ್ಲಿ ಗುಮಾಸ್ತ. ಬಿಲಿಂಗ್ಸ್‌ಗೇಟ್ ಅಂದರೆ ಲಂಡನ್ನಿನಲ್ಲಿ ಬೈಗುಳಕ್ಕೆ ಹೆಸರಾದ ಜಾಗ. ಡೂಲಿಟ್ಲ್‌ನಂಥವರ ಮಾತು ಕಿವಿಗೆ ಬಿದ್ದದ್ದು ಅಲ್ಲೇ ಇರಬೇಕು. ಇದು ನನ್ನ ಊಹೆ.

1910ರಲ್ಲಿ ಎಸೆಕ್ಸ್ ಕರಾವಳಿಯಲ್ಲಿ ರಂಗ ಹತ್ತಿದರು. ಆಗ ಬೇಸಿಗೆಯಲ್ಲಿ ಇಂಗ್ಲಿಷರೆಲ್ಲ ರೈಲು ಹತ್ತಿ ಸಮುದ್ರತೀರಕ್ಕೆ ಹೋಗುತ್ತಿದ್ದರು. ಅಲ್ಲಿ ಕಾನ್ಸರ್ಟ್ ಪಾರ್ಟಿ ಅನ್ನುವ ಸಣ್ಣ ಸಣ್ಣ ತಂಡಗಳು. ಹಾಡು, ಜೋಕು, ಕುಣಿತ, ಚುಟುಕು ನಾಟಕ, ಎಲ್ಲವನ್ನೂ ಎಲ್ಲರೂ ಮಾಡಬೇಕು. ಹಾಲೊವೇ ಅದೇ ಕರಾವಳಿಯ ಕ್ಲ್ಯಾಕ್ಟನ್ ಊರಿನಲ್ಲಿ ಕೆಲವು ಬೇಸಿಗೆ ಕಳೆದರು. ಮಳೆ ಬಂದರೆ ಜನ ಎದ್ದು ಹೋಗುತ್ತಾರೆ, ಮಕ್ಕಳು ಅಳುತ್ತವೆ, ಐಸ್‌ಕ್ರೀಮ್ ಮಾರುವವನು ಕೂಗುತ್ತಾನೆ. ಅವರನ್ನು ಕೂರಿಸಬೇಕು ಅಂದರೆ ಅವರ ಜೊತೆಯೇ ಮಾತಾಡಬೇಕು. ಈ ಪಾಠ ನಾಟಕ ಶಾಲೆಯಲ್ಲಿ ಸಿಗಲ್ಲ.

ಅಲ್ಲಿ ಅವರನ್ನು ಗುರುತಿಸಿದ್ದು ಹಾಸ್ಯನಟ ಲೆಸ್ಲಿ ಹೆನ್ಸನ್. ಜೀವನಪೂರ್ತಿ ಗೆಳೆಯರಾದರು. ಆದರೆ ಹಾಲೊವೇ ಮನಸ್ಸಿನಲ್ಲಿ ಆಗ ಇದ್ದದ್ದು ಹಾಸ್ಯ ಅಲ್ಲ, ಒಪೆರಾ. ದೊಡ್ಡ ಗಾಯಕನಾಗಬೇಕು ಅಂತ 1913ರಲ್ಲಿ ದುಡ್ಡು ಕೂಡಿಸಿ ಇಟಲಿಯ ಮಿಲಾನ್‌ಗೆ ಹೋದರು. ಒಳ್ಳೆಯ ಬ್ಯಾರಿಟೋನ್ ಕಂಠ, ಅಂದರೆ ಗಂಡಸರ ನಡು ಶ್ರುತಿಯ ದನಿ. ಅಲ್ಲಿ ಕಲಿಯುತ್ತಾ ತನ್ನ ಜಾಗ ಇದಲ್ಲ ಅಂತ ಗೊತ್ತಾಯಿತು, ವಾಪಸ್ ಬಂದರು. ಹಾಗಂತ ಆ ಕಲಿಕೆ ವ್ಯರ್ಥ ಆಗಲಿಲ್ಲ. ಉಸಿರು ಹಿಡಿಯುವುದು, ಕೊನೆಯ ಸಾಲಿನವರಿಗೂ ಮಾತು ಕೇಳಿಸುವುದು ಆಗ ಗಟ್ಟಿಯಾಯಿತು ಅಂತ ನಾನು ನಂಬುತ್ತೇನೆ.

ನಡುವೆ ಮೊದಲ ಮಹಾಯುದ್ಧ. ಕನಾಟ್ ರೇಂಜರ್ಸ್ ಅನ್ನುವ ಸೇನಾ ಪಡೆಯಲ್ಲಿ ಅಧಿಕಾರಿ ಆಗಿದ್ದರು. ಯುದ್ಧ ಮುಗಿದ ಮೇಲೆ 1919ರಲ್ಲಿ ಲಂಡನ್ನಿನ ವಿಂಟರ್ ಗಾರ್ಡನ್ ಥಿಯೇಟರ್‌ನಲ್ಲಿ ‘ಕಿಸ್ಸಿಂಗ್ ಟೈಮ್’. ಇಲ್ಲಿಂದ ಅವರು ಮ್ಯೂಸಿಕಲ್ ಕಾಮಿಡಿ ನಟ.

ಈ ಮ್ಯೂಸಿಕಲ್ ಕಾಮಿಡಿ ಅಂದರೇನು ಅಂತ ಸ್ವಲ್ಪ ಹೇಳಬೇಕು. 1890ರ ದಶಕದಲ್ಲಿ ಗೇಯಟಿ ಥಿಯೇಟರ್‌ನ ಜಾರ್ಜ್ ಎಡ್ವರ್ಡ್ಸ್ ಬೆಳೆಸಿದ ಬಗೆ ಇದು. ತೆಳ್ಳನೆಯ ಪ್ರೇಮಕತೆ, ಆ ಕಾಲದ ಫ್ಯಾಷನ್ ಬಟ್ಟೆ, ಬಾಯಲ್ಲಿ ಉಳಿಯುವ ಹಾಡು, ನಡುವೆ ಹಾಸ್ಯಗಾರನಿಗೆ ಬೇಕಾದಷ್ಟು ಜಾಗ. ಒಪೆರಾದ ಭಾರ ಇಲ್ಲ, ಮ್ಯೂಸಿಕ್ ಹಾಲ್‌ನ ಒರಟುತನವೂ ಇಲ್ಲ. ‘ಕಿಸ್ಸಿಂಗ್ ಟೈಮ್’ಗೆ ಮಾತು ಬರೆದವರು ಗಾಯ್ ಬೋಲ್ಟನ್ ಮತ್ತು ಪಿ.ಜಿ. ವುಡ್‌ಹೌಸ್, ಸಂಗೀತ ಐವನ್ ಕ್ಯಾರಿಲ್. ನಗಿಸುವ ಕೆಲಸ ಹೆನ್ಸನ್‌ದು. ಹಾಲೊವೇದು ಕ್ಯಾಪ್ಟನ್ ವೆಂಟ್‌ವರ್ತ್, ನೆಟ್ಟಗೆ ನಿಂತು ಹಾಡುವ ಚಂದದ ಮಿಲಿಟರಿ ಮನುಷ್ಯ. ಮುಂದೆ 1927ರಲ್ಲಿ ಲಂಡನ್ ಹಿಪ್ಪೊಡ್ರೋಮ್‌ನಲ್ಲಿ ‘ಹಿಟ್ ದ ಡೆಕ್’. ಅಲ್ಲೂ ಹಾಡುವ ನಾವಿಕ. ಅಂದರೆ ಮೊದಲ ಹತ್ತು ವರ್ಷ ಲಂಡನ್ ಅವರನ್ನು ನೋಡಿದ್ದು ಹೆಚ್ಚಾಗಿ ಗಾಯಕನಾಗಿ. ಗುರು, ನೀವು ಸಿನಿಮಾದಲ್ಲಿ ನೋಡಿದ ಆ ನಿಲುವು ಇದೆಯಲ್ಲ, ಅದು ನಾಯಕನ ನಿಲುವು. ಕಸದ ಗಾಡಿಯವನ ಬಟ್ಟೆಯೊಳಗೆ ಕ್ಯಾಪ್ಟನ್ ವೆಂಟ್‌ವರ್ತ್ ನಿಂತಿದ್ದಾನೆ.

ಇದರ ನಡುವೆಯೇ 1921ರಿಂದ 1927ರವರೆಗೆ ‘ಕೋ-ಆಪ್ಟಿಮಿಸ್ಟ್ಸ್’. ನನಗೆ ತುಂಬಾ ಇಷ್ಟವಾದ ಭಾಗ ಇದು. ಹಾಲೊವೇ, ಡೇವಿ ಬರ್ನಬಿ, ಲ್ಯಾಡಿ ಕ್ಲಿಫ್, ಫಿಲ್ಲಿಸ್ ಮಾಂಕ್‌ಮನ್, ಮೆಲ್ವಿಲ್ ಗಿಡಿಯನ್, ಇನ್ನೂ ಕೆಲವರು ಸೇರಿ ಕಟ್ಟಿದ ಕೂಟ. ಸಮುದ್ರತೀರದ ಪಿಯೆರೊ ತಂಡವನ್ನೇ, ಅಂದರೆ ವಿದೂಷಕರ ವೇಷದಲ್ಲಿ ಹಾಡುವ ಕೂಟವನ್ನೇ, ಎತ್ತಿ ತಂದು ಲಂಡನ್ನಿನ ದೊಡ್ಡ ರಂಗದ ಮೇಲೆ ಇಟ್ಟರು. ಅದೇ ಉಂಡೆಗುಂಡಿಯ ಸಡಿಲ ಅಂಗಿ, ಅದೇ ಕುತ್ತಿಗೆಯ ನಿರಿಗೆ. ಕತೆ ಇಲ್ಲ, ದೊಡ್ಡ ಸೆಟ್ ಇಲ್ಲ. ರಾಯಲ್ಟಿ ಥಿಯೇಟರ್‌ನಲ್ಲಿ ಶುರುವಾದದ್ದು ಪ್ಯಾಲೆಸ್ ಥಿಯೇಟರ್‌ಗೆ ಹೋಯಿತು. ಹೊಸ ಹೊಸ ಹಾಡು ಸೇರಿಸುತ್ತಾ ಆರು ವರ್ಷ ಎಳೆದರು. ಪಾತ್ರದ ಮರೆ ಇಲ್ಲದೆ ನೇರವಾಗಿ ಜನರ ಎದುರು ನಿಲ್ಲುವ ಅಭ್ಯಾಸ ಆರು ವರ್ಷ!

ಇನ್ನು ನಿಮ್ಮ ಅಜ್ಜಿ ಹೇಳಿದ ಸಿಂಹದ ಕತೆ ಬಾಕಿ ಇದೆ. ಅದನ್ನು ಆಮೇಲೆ ಬರೆಯುತ್ತೇನೆ, ಕಣ್ಣಿಗೆ ಔಷಧಿ ಹಾಕುವ ಹೊತ್ತಾಯಿತು.

ಲೆಸ್ಟರ್_ಗುರು:

ಮಾಮ, ಕೈಮುಗಿದೆ. ‘ಕಸದ ಗಾಡಿಯವನ ಬಟ್ಟೆಯೊಳಗೆ ಕ್ಯಾಪ್ಟನ್’ ಅನ್ನುವುದನ್ನು ಸ್ಕ್ರಿಪ್ಟಿನ ಮೇಲೆ ಬರೆದುಕೊಂಡಿದ್ದೇನೆ. ನಾನು ಇಷ್ಟು ದಿನ ಬೆನ್ನು ಬಗ್ಗಿಸಿ ಕುಡುಕನ ಹಾಗೆ ತೂರಾಡುತ್ತಿದ್ದೆ. ಸಿಂಹಕ್ಕೆ ಕಾಯುತ್ತೇನೆ.

ರಂಗಗಿರಿಜೆ:

ಪ್ಲೇಟ್‌ಮಾಮನ ಮೇಲೆ ಗೌರವ ಇಟ್ಟುಕೊಂಡೇ ಸ್ವಲ್ಪ ತಕರಾರು ಮಾಡುತ್ತೇನೆ. ನಾನು ಬೆಂಗಳೂರಿನಲ್ಲಿ ಹವ್ಯಾಸಿ ನಾಟಕ ಆಡಿಸುವವಳು. ಗುರು, ದಯವಿಟ್ಟು ಹಾಲೊವೇಗಿಂತ ಮೊದಲು ‘ಮೈ ಫೇರ್ ಲೇಡಿ’ಗೆ ಮೂಲವಾದ, ಬರ್ನಾರ್ಡ್ ಶಾ ಬರೆದ ‘ಪಿಗ್ಮೇಲಿಯನ್’ ಓದಿ.

ಶಾ ಬರೆದ ಡೂಲಿಟ್ಲ್ ಮುದ್ದು ಮನುಷ್ಯ ಅಲ್ಲ. ಮಗಳು ಎಲೈಜಾ, ಅವಳಿಗೆ ಮಾತು ಕಲಿಸುವ ಪ್ರೊಫೆಸರ್ ಹಿಗಿನ್ಸ್ ಮನೆಯಲ್ಲಿದ್ದಾಳೆ ಅಂತ ಗೊತ್ತಾದ ತಕ್ಷಣ ಐದು ಪೌಂಡು ಕೇಳಲು ಬರುತ್ತಾನೆ. ಹಿಗಿನ್ಸ್ ಹತ್ತು ಕೊಡುತ್ತೇನೆ ಅಂದರೆ ಬೇಡ ಅನ್ನುತ್ತಾನೆ! ಹತ್ತು ಪೌಂಡು ಕೈಗೆ ಬಂದರೆ ಮನುಷ್ಯ ಹುಷಾರಾಗಿಬಿಡುತ್ತಾನೆ, ಆಮೇಲೆ ಸುಖ ಹೋಯಿತು ಅನ್ನುವುದು ಅವನ ವಾದ. ದಾನ ಧರ್ಮ ಎಲ್ಲ ಒಳ್ಳೆಯ ನಡತೆಯ ಬಡವರಿಗೆ ಮಾತ್ರ, ನನ್ನಂಥ ಕೆಟ್ಟ ಬಡವನಿಗೂ ಅಷ್ಟೇ ಹಸಿವು ಇದೆ ಅಂತ ಕೇಳುತ್ತಾನೆ. ಅದು ತಮಾಷೆ ಹೌದು, ಆದರೆ ಚೂರಿ ಇದೆ ಅದರಲ್ಲಿ. 1938ರ ಸಿನಿಮಾದಲ್ಲಿ ವಿಲ್ಫ್ರಿಡ್ ಲಾಸನ್ ಈ ಪಾತ್ರ ಮಾಡಿದ್ದಾರೆ. ನೋಡಿ, ಆ ಮನುಷ್ಯ ಹತ್ತಿರ ಬಂದರೆ ನೀವು ಪರ್ಸ್ ಮುಟ್ಟಿ ನೋಡಿಕೊಳ್ಳುತ್ತೀರಿ. ಹಾಲೊವೇ ಬಂದರೆ ಕಾಫಿ ಕೊಡೋಣ ಅನ್ನಿಸುತ್ತದೆ. ಅಲ್ಲೇ ನನ್ನ ಜಗಳ.

ಶಾ ಬದುಕಿದ್ದಾಗ ಈ ನಾಟಕಕ್ಕೆ ಸಂಗೀತ ಹಾಕಲು ಬಿಡಲೇ ಇಲ್ಲ. ಅವರ ಇನ್ನೊಂದು ನಾಟಕವನ್ನು ಮೊದಲೊಮ್ಮೆ ‘ದ ಚಾಕೊಲೇಟ್ ಸೋಲ್ಜರ್’ ಅನ್ನುವ ಆಪೆರೆಟ್ಟಾ, ಅಂದರೆ ಹಗುರ ಒಪೆರಾ ಮಾಡಿದ್ದರು, ಅದರಿಂದ ರೋಸಿಹೋಗಿದ್ದರು. 1950ರಲ್ಲಿ ಅವರು ತೀರಿಕೊಂಡ ಮೇಲೆಯೇ ದಾರಿ ಸುಗಮ ಆಯಿತು. ಹಾಡು ಬಂದ ಕೂಡಲೇ ಡೂಲಿಟ್ಲ್ ಮೆತ್ತಗಾದ. ಇದು ಹಾಲೊವೇ ತಪ್ಪು ಅಂತ ನಾನು ಹೇಳಲ್ಲ, ಆದರೆ ಅವರನ್ನೇ ಅನುಕರಿಸಿದರೆ ನಿಮ್ಮ ಕೈಗೆ ಬರುವುದು ಮೆತ್ತಗಿನ ಡೂಲಿಟ್ಲ್.

ಉಚ್ಚಾರಣೆ ಬಗ್ಗೆ ಭಯ ಬಿಡಿ. ಶಾ ನಾಟಕದಲ್ಲೇ ಹಿಗಿನ್ಸ್ ಅವನ ಮಾತು ಕೇಳಿ, ಇವನು ಬೆಳೆದದ್ದು ಹೌನ್ಸ್ಲೋದಲ್ಲಿ, ತಾಯಿ ವೇಲ್ಸ್‌ನವಳಿರಬೇಕು ಅನ್ನುತ್ತಾನೆ. ಅಂದರೆ ಡೂಲಿಟ್ಲ್ ಮಾತು ಕಲಬೆರಕೆಯೇ. ಮಾತಿನ ಲಯದಲ್ಲಿ ಅವನಿಗೆ ಹೆಮ್ಮೆ ಇದೆ. ಅದನ್ನು ಹಿಡಿಯಿರಿ, ಸ್ವರ ವ್ಯಂಜನ ಆಮೇಲೆ ತಿದ್ದಬಹುದು.

ಪ್ಲೇಟ್‌ಮಾಮ:

ಗಿರಿಜಮ್ಮ, ಚೂರಿ ವಿಷಯ ಒಪ್ಪಿದೆ. ಆದರೆ ಹಾಲೊವೇ ಬರೀ ಮೆತ್ತಗೆ ಅನ್ನಬೇಡಿ. ಸಿಂಹದ ಕತೆ ಕೇಳಿ, ಆಮೇಲೆ ತೀರ್ಮಾನ ಮಾಡಿ.

1920ರ ದಶಕದ ಕೊನೆಗೆ ಹಾಲೊವೇ ಒಂದು ಹೊಸ ದಾರಿ ಹಿಡಿದರು. ಪ್ರಾಸಬದ್ಧ ಪದ್ಯದಲ್ಲಿ ಕತೆ ಹೇಳುವುದು, ಒಬ್ಬರೇ ನಿಂತು, ಪಕ್ಕದಲ್ಲಿ ಸಣ್ಣಗೆ ಪಿಯಾನೋ. ಮೊದಲನೆಯದು ಸ್ಯಾಮ್ ಸ್ಮಾಲ್ ಅನ್ನುವ ಸೈನಿಕನ ಕತೆ. ವಾಟರ್ಲೂ ಯುದ್ಧದ ಮುಂಚೆ ಸಾರ್ಜೆಂಟ್ ಕೈ ತಾಗಿ ಸ್ಯಾಮ್‌ನ ಬಂದೂಕು ನೆಲಕ್ಕೆ ಬೀಳುತ್ತದೆ. ಎತ್ತಿಕೋ ಅಂತಾನೆ ಸಾರ್ಜೆಂಟ್. ಬೀಳಿಸಿದವನು ನೀನು, ನೀನೇ ಎತ್ತಿಕೊಡು ಅಂತಾನೆ ಸ್ಯಾಮ್. ಒಬ್ಬೊಬ್ಬರೇ ಮೇಲಧಿಕಾರಿಗಳು ಬರುತ್ತಾರೆ, ಸ್ಯಾಮ್ ಅಲ್ಲಾಡಲ್ಲ. ಕೊನೆಗೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಬಂದು ನಯವಾಗಿ ಕೇಳಿದಾಗ ಎತ್ತಿಕೊಳ್ಳುತ್ತಾನೆ. ಸರಿ, ಇನ್ನು ಯುದ್ಧ ಶುರು ಮಾಡಬಹುದು!

ಎರಡನೆಯದು ಅಜ್ಜಿ ಹೇಳಿದ ‘ದ ಲಯನ್ ಅಂಡ್ ಆಲ್ಬರ್ಟ್’. ಬರೆದವರು ಮ್ಯಾರಿಯಟ್ ಎಡ್ಗರ್. ರ‍್ಯಾಮ್ಸ್‌ಬಾಟಮ್ ದಂಪತಿ ಮಗ ಆಲ್ಬರ್ಟ್‌ನನ್ನು ಕರೆದುಕೊಂಡು ಬ್ಲ್ಯಾಕ್‌ಪೂಲ್‌ಗೆ ಹೋಗುತ್ತಾರೆ. ಅಲ್ಲಿ ಮೃಗಾಲಯದಲ್ಲಿ ವಾಲೇಸ್ ಅನ್ನುವ ದೊಡ್ಡ ಸಿಂಹ ಮಲಗಿದೆ. ಆಲ್ಬರ್ಟ್ ಕುದುರೆ ತಲೆಯ ಹಿಡಿ ಇರುವ ಕೋಲನ್ನು ಅದರ ಕಿವಿಗೆ ಚುಚ್ಚುತ್ತಾನೆ. ಸಿಂಹ ಹುಡುಗನನ್ನು ಒಳಗೆಳೆದುಕೊಂಡು ನುಂಗುತ್ತದೆ. ತಾಯಿಗೆ ಕೋಪ, ದುಡ್ಡು ಕೊಟ್ಟು ಒಳಗೆ ಬಂದಿದ್ದೆವಲ್ಲ ಅಂತ. ಮ್ಯಾನೇಜರ್ ರಾಜಿ ಮಾಡಿಕೊಳ್ಳಲು ಎಷ್ಟು ಬೇಕು ಅಂತ ಕೇಳಿದರೆ, ಅಪ್ಪ ಕೇಳುತ್ತಾನೆ: ಸಾಮಾನ್ಯವಾಗಿ ಎಷ್ಟು ಕೊಡುತ್ತೀರಿ?

ಇದರಲ್ಲಿ ಚೂರಿ ಇಲ್ಲವಾ ಗಿರಿಜಮ್ಮ? ಮಗನ ಲೆಕ್ಕಕ್ಕೆ ದುಡ್ಡು ಕೇಳುವ ಅಪ್ಪ. ಐದು ಪೌಂಡಿನ ಡೂಲಿಟ್ಲ್‌ಗೆ ಇವನು ಅಣ್ಣನೇ. ಹಾಲೊವೇ ಇದನ್ನು ಒಂದಿಷ್ಟೂ ನಗದೆ ಹೇಳುತ್ತಾರೆ. ಹುಬ್ಬು ಕೂಡ ಎತ್ತಲ್ಲ. ಕೇಳುವವರಿಗೆ ನಗು ತಡೆಯಲು ಆಗಲ್ಲ. ಗುರು ಕೇಳಿದ್ದ ‘ಏನೂ ಮಾಡುತ್ತಿಲ್ಲ’ ಅನ್ನುವುದರ ಗುಟ್ಟು ಇಲ್ಲಿದೆ. ಇಪ್ಪತ್ತೈದು ವರ್ಷ ಇಂಥ ಕತೆಗಳನ್ನು ಅಲ್ಲಾಡದೆ ನಿಂತು ಹೇಳಿ ಹೇಳಿ ಬಂದ ಕಸುಬು.

ಉಚ್ಚಾರಣೆಗೂ ಇದೇ ಉತ್ತರ. ಹಾಲೊವೇ ಲಂಡನ್ನಿನವರು. ಈ ಕತೆಗಳ ಮಾತು ಉತ್ತರ ಇಂಗ್ಲೆಂಡಿನದು. ಕಿವಿಯಿಂದ ಕಲಿತದ್ದು. ಆದರೂ ಅಲ್ಲಿಯ ಜನ ಅವರನ್ನು ತಮ್ಮವರು ಅಂದುಕೊಂಡರು.

ಹಾಲೊವೇ ಬರೀ ಮನರಂಜಕ, ನಟ ಅಲ್ಲ ಅನ್ನುವವರೂ ಇದ್ದಾರೆ. ಅವರಿಗೆ ನಾನು ಹೇಳುವುದು: ನಟ, ನಿರ್ದೇಶಕ ಲಾರೆನ್ಸ್ ಒಲಿವಿಯೇ 1948ರಲ್ಲಿ ಮಾಡಿದ ‘ಹ್ಯಾಮ್ಲೆಟ್’ ಸಿನಿಮಾದಲ್ಲಿ ಗೋರಿ ತೋಡುವವನು ಇವರೇ. 1954ರಲ್ಲಿ ಓಲ್ಡ್ ವಿಕ್ ತಂಡದ ‘ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ನಲ್ಲಿ ಮಾಯೆಯಿಂದ ಕತ್ತೆ ತಲೆ ಬರುವ ಬಾಟಮ್ ಪಾತ್ರ, ಎಡಿನ್‌ಬರೋದಲ್ಲಿ, ಆಮೇಲೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಹೌಸ್‌ನಲ್ಲಿ. ಒಪೆರಾ ಬಿಟ್ಟು ಬಂದವರು ಕೊನೆಗೂ ಒಪೆರಾ ಹೌಸ್‌ನ ರಂಗ ಹತ್ತಿದರು, ಕತ್ತೆ ತಲೆ ಹಾಕಿಕೊಂಡು! ‘ಬ್ರೀಫ್ ಎನ್‌ಕೌಂಟರ್’ನಲ್ಲಿ ರೈಲ್ವೆ ಸ್ಟೇಷನ್ನಿನ ನೌಕರ, ‘ಪಾಸ್‌ಪೋರ್ಟ್ ಟು ಪಿಮ್ಲಿಕೊ’ದಲ್ಲಿ ಅಂಗಡಿಯವನು, ‘ದ ಲ್ಯಾವೆಂಡರ್ ಹಿಲ್ ಮಾಬ್’ನಲ್ಲಿ ಚಿನ್ನ ಕದಿಯುವ ಸಂಭಾವಿತ. ಸಿನಿಮಾ ಪಟ್ಟಿ ಉದ್ದ ಇದೆ, ಬಿಡಿ.

ಆಯ್ಕೆ ಆದದ್ದು ಹೇಗೆ ಅಂತ ಕೇಳಿದ್ದಿರಲ್ಲ. ನಾಟಕ ಬರೆದ ಅಲನ್ ಜೇ ಲರ್ನರ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಲಂಡನ್ನಿನ ಕ್ಲ್ಯಾರಿಜಸ್ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದರಂತೆ. ವಯಸ್ಸಾಗಿದೆ, ಕಂಠ ಇನ್ನೂ ಇದೆಯಾ ಅನ್ನುವ ಪ್ರಶ್ನೆ ಬಂತು. ಹಾಲೊವೇ ಚಾಕು ಫೋರ್ಕ್ ಕೆಳಗಿಟ್ಟರು, ತಲೆ ಹಿಂದಕ್ಕೆ ಎತ್ತಿದರು, ಇಡೀ ಊಟದ ಹಾಲ್ ಮೊಳಗುವ ಹಾಗೆ ಒಂದು ಸ್ವರ ಬಿಟ್ಟರು. ಆಮೇಲೆ ಊಟ ಮುಂದುವರಿಸಿದರು. ಮಿಲಾನ್‌ಗೆ ಹಾಕಿದ ದುಡ್ಡು ಆ ದಿನ ಬಡ್ಡಿ ಸಮೇತ ಬಂತು ಅಂತ ನಾನು ಲೆಕ್ಕ ಹಾಕಿದ್ದೇನೆ. ಬ್ಯಾಂಕಿನಲ್ಲಿದ್ದವನು ನೋಡಿ.

ತಾಲೀಮಿನಲ್ಲಿ ಇನ್ನೊಂದು ಪ್ರಸಂಗ. ನಿರ್ದೇಶಕ ಮಾಸ್ ಹಾರ್ಟ್ ತನ್ನ ಕಡೆ ನೋಡುತ್ತಲೇ ಇಲ್ಲ ಅಂತ ಹಾಲೊವೇಗೆ ಬೇಜಾರಾಯಿತು. ಬಿಟ್ಟು ಹೋಗುತ್ತೇನೆ ಅನ್ನುವವರೆಗೂ ಬಂತು. ಹಾರ್ಟ್ ಕೊಟ್ಟ ಉತ್ತರದ ಸಾರ ಇಷ್ಟು: ನನ್ನ ಕೈಯಲ್ಲಿ ಇಷ್ಟು ದೊಡ್ಡ ಪಾತ್ರ ಎಂದೂ ಮಾಡದ ಒಬ್ಬ ಹುಡುಗಿ ಇದ್ದಾಳೆ, ರಂಗದ ಮೇಲೆ ಎಂದೂ ಹಾಡದ ಒಬ್ಬ ನಟ ಇದ್ದಾನೆ, ನೀವು ಎರಡೂ ಮಾಡಿದವರು, ನಿಮ್ಮನ್ನು ನಾನು ಗಮನಿಸುತ್ತಿಲ್ಲ ಅಂದರೆ ಅದು ಹೊಗಳಿಕೆ. ಹುಡುಗಿ ಜೂಲಿ ಆಂಡ್ರೂಸ್, ನಟ ರೆಕ್ಸ್ ಹ್ಯಾರಿಸನ್. ಹಾಲೊವೇ ಉಳಿದರು. ನ್ಯೂಯಾರ್ಕಿನ ಬ್ರಾಡ್‌ವೇ ಆದ ಮೇಲೆ 1958ರಿಂದ ಲಂಡನ್ನಿನ ಡ್ರೂರಿ ಲೇನ್ ಥಿಯೇಟರ್‌ನಲ್ಲೂ ಅವರೇ ಮಾಡಿದರು.

ಈಸ್ಟ್‌ಹ್ಯಾಮ್_ಸುಧಾ:

ನಾನು ಈಸ್ಟ್ ಹ್ಯಾಮ್‌ನಲ್ಲಿದ್ದೇನೆ. ಮೇನರ್ ಪಾರ್ಕ್ ನಮಗೆ ಪಕ್ಕವೇ. ಆಲ್ಬನಿ ರೋಡಿನ ಒಂದು ಸಾಲುಮನೆಯ ಗೋಡೆ ಮೇಲೆ ಹಾಲೊವೇ ಹುಟ್ಟಿದ ಜಾಗ ಅಂತ 2009ರಲ್ಲಿ ಹಾಕಿದ ನೀಲಿ ಫಲಕ ಇದೆ. ಈಗ ಈ ಕಡೆಯೆಲ್ಲ ದೋಸೆ ಹೋಟೆಲು, ಸೀರೆ ಅಂಗಡಿ. ಗುರು ಲಂಡನ್ನಿಗೆ ಬಂದರೆ ಫಲಕ ನೋಡಿ, ದೋಸೆಯನ್ನೂ ತಿಂದು ಹೋಗಬಹುದು.

ಇನ್ನೊಂದು ವಿಷಯ. ಪ್ಲೇಟ್‌ಮಾಮ ಹೇಳಿದ ವಿಂಟರ್ ಗಾರ್ಡನ್ ಥಿಯೇಟರ್ ಈಗಿಲ್ಲ. ಡ್ರೂರಿ ಲೇನ್ ರಸ್ತೆಯಲ್ಲಿ ಅದನ್ನು ಕೆಡವಿ ಕಟ್ಟಿದ್ದು ನ್ಯೂ ಲಂಡನ್ ಥಿಯೇಟರ್. 1981ರಿಂದ ಇಪ್ಪತ್ತೊಂದು ವರ್ಷ ‘ಕ್ಯಾಟ್ಸ್’ ಓಡಿದ್ದು ಅಲ್ಲೇ. ಈಗ ಅದಕ್ಕೆ ಗಿಲಿಯನ್ ಲಿನ್ ಥಿಯೇಟರ್ ಅಂತ ಹೆಸರು.

ರಂಗಗಿರಿಜೆ:

ಸಿಂಹಕ್ಕೆ ನಾನು ಸೋತೆ ಅಂತ ಹೇಳಲ್ಲ, ಆದರೆ ‘ಎಷ್ಟು ಕೊಡುತ್ತೀರಿ’ ಸಾಲನ್ನು ಡೂಲಿಟ್ಲ್ ಪಕ್ಕ ಇಟ್ಟದ್ದು ಚೆನ್ನಾಗಿದೆ. ಹಾಗಾದರೆ ಗುರು, ಶಾ ನಾಟಕ ಓದಿ, ಆಲ್ಬರ್ಟ್ ಕೇಳಿ, ಸಿನಿಮಾ ಕೊನೆಗೆ ಇಟ್ಟುಕೊಳ್ಳಿ.

ಪ್ಲೇಟ್‌ಮಾಮ:

ಸಿನಿಮಾ ಕೊನೆಗೆ ಅನ್ನುವುದು ಸರಿ. 1964ರಲ್ಲಿ ಅದು ಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು. ಸಿನಿಮಾ ಮಾಡಿದ ವಾರ್ನರ್ ಕಂಪನಿಗೆ ಮೊದಲು ಹಾಲಿವುಡ್ ನಟ ಜೇಮ್ಸ್ ಕ್ಯಾಗ್ನಿ ಬೇಕಾಗಿತ್ತು, ಅವರು ಒಲ್ಲೆ ಅಂದರು. ಹಾಲೊವೇಗೆ ಆಸ್ಕರ್ ನಾಮನಿರ್ದೇಶನವೂ ಬಂತು, ಪ್ರಶಸ್ತಿ ಪೀಟರ್ ಉಸ್ತಿನೋವ್‌ಗೆ ಹೋಯಿತು. ಆದರೆ ಕ್ಯಾಮೆರಾ ಎದುರು ಜನ ಇರಲ್ಲ. ಈ ಮನುಷ್ಯನಿಗೆ ಜನ ಬೇಕು. ಅದಕ್ಕೇ ನೀವು 1956ರ ಮೂಲ ತಂಡದ ರೆಕಾರ್ಡ್ ಕೇಳಿ. ನಾಟಕ ಶುರುವಾದ ಹತ್ತು ದಿನಕ್ಕೆ ಒಂದು ಭಾನುವಾರ ಕೂತು ಮುಗಿಸಿದ್ದು. ದನಿಯಲ್ಲಿ ರಂಗದ ಬಿಸಿ ಇನ್ನೂ ಆರಿಲ್ಲ. ಹಾಲೊವೇ ತಾಳಕ್ಕಿಂತ ಸ್ವಲ್ಪ ಹಿಂದೆ ಉಳಿದು, ಸಾಲಿನ ಕೊನೆಗೆ ಬಂದು ಸೇರಿಕೊಳ್ಳುವುದನ್ನು ಗಮನಿಸಿ. ಹಾಡಿನ ಮಧ್ಯೆ ಪಕ್ಕದವನಿಗೆ ಗುಟ್ಟು ಹೇಳುವ ಹಾಗೆ. ಕ್ಲ್ಯಾಕ್ಟನ್ ಮಳೆಯಲ್ಲಿ ಕಲಿತದ್ದು.

ಲೆಸ್ಟರ್_ಗುರು:

ರೆಕಾರ್ಡ್ ಕೇಳಿದೆ! ಬೆನ್ನು ನೆಟ್ಟಗೆ ಮಾಡಿಕೊಂಡು ತಾಲೀಮಿಗೆ ಹೋದೆ. ನಿರ್ದೇಶಕಿ ಏನೂ ಹೇಳಲಿಲ್ಲ, ಬರೀ ತಲೆ ಆಡಿಸಿದರು. ಅಜ್ಜಿ ಮಾತ್ರ ‘ಈಗ ಸರಿ ಹೋಯಿತು’ ಅಂದರು.

ಈಗ ಹೊಸ ತೊಂದರೆ. ಎರಡನೇ ಅಂಕದಲ್ಲಿ ಮದುವೆಗೆ ಚರ್ಚಿಗೆ ಕರೆದುಕೊಂಡು ಹೋಗಿ ಅನ್ನುವ ಹಾಡಿದೆ. ಕುಣಿತ ಜಾಸ್ತಿ. ಅರ್ಧಕ್ಕೇ ಉಸಿರು ಖಾಲಿ. ಕೊನೆಗೆ ನನ್ನನ್ನು ಹೆಣದ ಹಾಗೆ ಹೊತ್ತುಕೊಂಡು ಹೋಗಬೇಕು, ನಮ್ಮ ತಂಡದಲ್ಲಿ ಹಾಗೆ ತೀರ್ಮಾನ ಆಗಿದೆ. ಅಷ್ಟರಲ್ಲಿ ನಾನು ನಿಜವಾಗಿಯೂ ಹೆಣ ಆಗಿರುತ್ತೇನೆ. ಏನು ಮಾಡಲಿ?

ರಂಗಗಿರಿಜೆ:

ಮೊದಲ ಸುತ್ತನ್ನು ಅರ್ಧ ದನಿಯಲ್ಲಿ, ಮಾತಿನ ಹತ್ತಿರ ಇಟ್ಟುಕೊಳ್ಳಿ. ಅದು ಬೆಳಗಾಗುವ ಹೊತ್ತಿನ ಹಾಡು, ಇನ್ನೂ ಕೆಲವೇ ಗಂಟೆಗಳ ಸ್ವಾತಂತ್ರ್ಯ ಉಳಿದಿರುವ ಮನುಷ್ಯನ ಹಾಡು. ಶುರುವಿನಲ್ಲೇ ಕೂಗಿದರೆ ಮುಂದೆ ಏರಲು ಜಾಗ ಇರಲ್ಲ. ಗುಂಪು ಹಾಡುವಾಗ ನೀವು ಬಾಯಿ ಮಾತ್ರ ಆಡಿಸಿ, ಉಸಿರು ತೆಗೆದುಕೊಳ್ಳಿ, ಯಾರಿಗೂ ಗೊತ್ತಾಗಲ್ಲ. ಕುಣಿತದಲ್ಲಿ ಕಾಲು ಅವರದು, ಕೈ ನಿಮ್ಮದು: ಹುಡುಗರು ಸುತ್ತ ಹಾರಾಡಲಿ, ನೀವು ನಡುವೆ ನಿಂತು ಟೋಪಿ ಎತ್ತಿದರೆ ಸಾಕು. ಹಾಲೊವೇ ವಯಸ್ಸಿನವರು ವರ್ಷಗಟ್ಟಲೆ ವಾರಕ್ಕೆ ಎಂಟು ಪ್ರದರ್ಶನ ಮಾಡಿದ್ದು ಶಕ್ತಿಯನ್ನು ಲೆಕ್ಕ ಹಾಕಿ ಖರ್ಚು ಮಾಡಿದ್ದರಿಂದಲೇ.

ಪ್ಲೇಟ್‌ಮಾಮ:

ಗಿರಿಜಮ್ಮ ಹೇಳಿದ್ದರ ಮೇಲೆ ಸೇರಿಸುವುದು ಒಂದೇ. ಹೊರುವ ನಾಲ್ವರೂ ಒಂದೇ ಎತ್ತರ ಇರುವ ಹಾಗೆ ನೋಡಿಕೊಳ್ಳಿ. ತಾಲೀಮಿನಲ್ಲಿ ಮೊದಲು ಅಕ್ಕಿ ಮೂಟೆ ಹೊರಿಸಿ, ಆಮೇಲೆ ನೀವು ಮಲಗಿ.